ಮಾತಿಗೆ ಸಿಗುವ ಪೊಲೀಸ್

ಕೇಳುಗರಿಗೆ ನಮಸ್ಕಾರ. ಮುಂಬಯಿ ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಗಸ್ತಿನ ಬಗ್ಗೆ ಮಾತನಾಡಿ ಎಂದಿದ್ದಾರೆ. ನನ್ನದು ಒಂದೇ ಮಾತು: ಪೊಲೀಸ್ ಜನರ ಮಾತಿಗೆ ಸಿಗಬೇಕು. ಜೀಪಿನಲ್ಲಿ ಕುಳಿತವನು ಸಿಗುವುದಿಲ್ಲ, ಸೈಕಲ್ಲಿನವನು ಸಿಗುತ್ತಾನೆ.

ಮಾಟುಂಗಾದಲ್ಲಿ ನಮ್ಮ ಚೌಕಿಯ ಹವಾಲ್ದಾರರೊಬ್ಬರಿದ್ದರು, ಸಾತಾರಾ ಕಡೆಯವರು. ರಾತ್ರಿಪಾಳಿಯೆಂದರೆ ಸೈಕಲ್ಲೇ. ಹಾಲಿನ ಗಾಡಿ ಬರುವ ಹೊತ್ತಿಗೆ ಉಡುಪಿ ಹೋಟೆಲೊಂದರ ಹಿಂಬಾಗಿಲಿಗೆ ಸೈಕಲ್ ಒರಗಿಸಿ ಚಹಾ ಕುಡಿಯುತ್ತಿದ್ದರು. ಅಲ್ಲಿ ಹಿಟ್ಟು ರುಬ್ಬುವ ಕುಂದಾಪುರದ ಹುಡುಗ. ಮರಾಠಿ ಬಾರದು, ಹಿಂದಿ ಅರೆಬರೆ. ಠಾಣೆಯ ಮೆಟ್ಟಿಲು ಹತ್ತು ಎಂದಿದ್ದರೆ ಊರಿಗೇ ಓಡಿಹೋಗುತ್ತಿದ್ದ! ಹವಾಲ್ದಾರರು ದಿನವೂ ‘ಜೇವಲಾಸ್ ಕಾ ರೇ’ ಎಂದು ಊಟ ವಿಚಾರಿಸುತ್ತಿದ್ದರು. ಒಂದು ಮುಂಜಾವ ಹುಡುಗ ತಾನಾಗಿಯೇ ಬಾಯಿಬಿಟ್ಟ: ಎದುರಿನ ಮುಚ್ಚಿದ ಅಂಗಡಿಗೆ ದೀಪ ಆರಿಸಿದ ಟೆಂಪೊ ಬರುತ್ತದೆ, ಗ್ಯಾಸ್ ಸಿಲಿಂಡರ್ ಇಳಿಸುತ್ತಾರೆ.

ನಮ್ಮ ಜೀಪು ಪ್ರತಿ ರಾತ್ರಿ ಅದೇ ರಸ್ತೆಯಲ್ಲಿ ಹೋಗುತ್ತಿತ್ತು. ಅದರ ಸದ್ದು ಎರಡು ತಿರುವಿನ ಆಚೆಯಿಂದಲೇ ಕೇಳುತ್ತಿದ್ದುದರಿಂದ ಅವರು ಆರಾಮವಾಗಿ ಷಟರ್ ಎಳೆದುಕೊಳ್ಳುತ್ತಿದ್ದರು. ಮರುರಾತ್ರಿ ಹವಾಲ್ದಾರರು ಸೈಕಲ್ ದೀಪದ ಡೈನಮೊ ಬಿಡಿಸಿಟ್ಟು ಕತ್ತಲಲ್ಲೇ ಬಂದು ನಿಂತರು. ಕಳ್ಳರು ಕಳವಿನ ಮಾಲಿನೊಂದಿಗೇ ಸಿಕ್ಕರು. ಹುಡುಗನ ಹೆಸರು ಯಾವ ಕಾಗದದಲ್ಲೂ ಬರಲು ಹವಾಲ್ದಾರರು ಬಿಡಲಿಲ್ಲ.

ಸೈಕಲ್ಲಿನಲ್ಲಿ ಕಳ್ಳನನ್ನು ಬೆನ್ನಟ್ಟುವುದುಂಟೇ ಎಂದು ನಗುವವರಿದ್ದಾರೆ. ಸ್ವಾಮಿ, ಬೆನ್ನಟ್ಟಲು ಮೋಟರ್‌ಸೈಕಲ್ಲಿನ ಗಸ್ತಿನವರು, ಅಂದರೆ ಬೀಟ್ ಮಾರ್ಷಲ್‌ಗಳಿದ್ದಾರೆ, ವೈರ್‌ಲೆಸ್ ಇದೆ. ಸೈಕಲ್ ಇರುವುದು ಸುದ್ದಿ ತಿಳಿಯಲು. ಅಮೆರಿಕದ ಸಿಯಾಟಲ್ ಪೊಲೀಸರು 1987ರಲ್ಲಿ ಸೈಕಲ್ ಹತ್ತಿದ್ದು ಪೇಟೆಯ ದಟ್ಟಣೆಯಲ್ಲಿ ಕಾರು ಮುಂದೆ ಸಾಗದ ಕಾರಣಕ್ಕೆ. ಸಂಜೆ ಆರಕ್ಕೆ ನಮ್ಮ ದಾದರಿನಲ್ಲಿ ಸಾಗುತ್ತದೆಯೇ?

ಇನ್ನು, 2020ರಲ್ಲಿ ಮುಂಬಯಿಯ ಕಡಲದಂಡೆಯ ಗಸ್ತಿಗೆ ಬಂದ, ನಿಂತುಕೊಂಡೇ ಓಡಿಸುವ ವಿದ್ಯುತ್ ವಾಹನ. ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಧಾನಿಸುತ್ತದೆ. ಮೇಲೆ ನಿಂತವರಿಗೆ ಗುಂಪಿನ ಆಚೆಯದೂ ಕಾಣುತ್ತದೆ. ಒಳ್ಳೆಯದೇ, ಆದರೆ ನುಣುಪು ನೆಲಕ್ಕೆ ಸರಿ, ಧಾರಾವಿಯ ಗಲ್ಲಿಗಲ್ಲ. ಜನ ಅದರೊಂದಿಗೆ ಸೆಲ್ಫಿ ತೆಗೆದುಕೊಂಡು ಹೋದರೆ ಏನು ಬಂತು? ಇಳಿದು ಮಾತನಾಡಿಸಬೇಕು.

ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಬರಿಯ ಅನುಮಾನವಾದರೆ ನಿಮ್ಮ ಬೀಟಿನವರನ್ನು ನಿಲ್ಲಿಸಿ ಹೇಳಿ. ಅವರು ಯಾರೆಂದು ಗೊತ್ತಿಲ್ಲದಿದ್ದರೆ ನಾಳೆಯೇ ಚೌಕಿಯಲ್ಲಿ ವಿಚಾರಿಸಿ. ನಮಸ್ಕಾರ.