ಈ ಚೀಲ ಅಷ್ಟ

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿ ಕೂತವರು ಯಾರು ಅಂತ ನನಗೆ ಅಂದಾಜಿದೆ. ರೊಟ್ಟಿ ಬಡಿಯುತ್ತಾ ಕೇಳುವ ಅವ್ವಂದಿರು. ಗಿರಾಕಿ ಇಲ್ಲದೆ ಅಂಗಡಿಯಲ್ಲಿ ಕೂತ ಅಣ್ಣಂದಿರು. ಹೊಲದ ಬದುವಿನ ಮೇಲೆ ಮೊಬೈಲಿನಲ್ಲಿ ಹಾಕಿಕೊಂಡವರು. ನಿಮ್ಮಲ್ಲಿ ಒಬ್ಬರಾದರೂ ನಿನ್ನೆ ರಾತ್ರಿ ‘ನಾಳೆಯಿಂದ ಬಿಡ್ತೀನಿ’ ಅಂದಿರುತ್ತೀರಿ. ಇಲ್ಲವೇ, ಮನೆಯವರು ಹಾಗೆ ಅಂದದ್ದನ್ನು ನೂರನೇ ಸಲ ಕೇಳಿರುತ್ತೀರಿ. ಇವತ್ತಿನ ಮಾತು ಇಬ್ಬರಿಗೂ.

ಕುಡಿತ ಬಿಡುವವರಿಗೆ ಒಳ್ಳೆಯ ಮಾತು ಹೇಗೆ ಆಸರೆ ಆಗುತ್ತದೆ ಅಂತ ಮಾತಾಡಿ ಎಂದಿದ್ದಾರೆ. ಉತ್ತರ ಈಗಲೇ ಹೇಳಿಬಿಡುತ್ತೇನೆ. ನಿಮಗೆ ನೀವು ಹೇಳಿಕೊಳ್ಳುವ ಮಾತು ಸಣ್ಣದಿರಬೇಕು, ನಿಜ ಇರಬೇಕು, ಇವತ್ತಿಗೆ ಮಾತ್ರ ಇರಬೇಕು. ಅಷ್ಟೇ. ಉಳಿದ ಹೊತ್ತೆಲ್ಲ ಇದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಬರುತ್ತದಲ್ವಾ, ‘ನಾನು ಸಿಂಹ. ನನ್ನನ್ನು ಯಾರೂ ಸೋಲಿಸಲಾರರು. ನಾನು ವ್ಯಸನದಿಂದ ಪೂರ್ತಿ ಮುಕ್ತ.’ ಹಿಂದೆ ಸೂರ್ಯ ಹುಟ್ಟುವ ಚಿತ್ರ. ನಾನೂ ಒಂದು ಕಾಲಕ್ಕೆ ಇಂಥ ಸಾಲುಗಳ ಚೀಟಿ ಹಂಚಿದವನೇ. ಅದನ್ನು ಬಿಡಿಸಿದವರು ರಾಯಚೂರು ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಒಬ್ಬ ಹಮಾಲರು.

ಹೆಸರು ಬೇಡ. ನಲವತ್ತೈದರ ಆಸುಪಾಸು, ಇಪ್ಪತ್ತು ವರ್ಷದ ಕುಡಿತ. ಆಸ್ಪತ್ರೆಯಲ್ಲಿ ಔಷಧ ಕೊಟ್ಟು ನಡುಕ ನಿಲ್ಲಿಸಿದ ಮೇಲೆ ಹೆಂಡತಿ ನನ್ನ ಹತ್ತಿರ ಕರೆತಂದರು. ನಾನು ಚೀಟಿ ಕೊಟ್ಟೆ. ಅವರು ಅಕ್ಷರ ಕೂಡಿಸಿ ಕೂಡಿಸಿ ಓದಿದರು. ‘ನಾನು ವ್ಯಸನದಿಂದ ಪೂರ್ತಿ ಮುಕ್ತ.’ ಓದಿ ನಕ್ಕರು. “ಸರ, ಸುಳ್ಳು ಹೇಳದು ನೀವು ಕಲಸ್ಬ್ಯಾಡ್ರಿ. ಅದ್ರಾಗ ನಾ ಮೊದ್ಲ ಪಾಸ್ ಆಗೀನಿ.”

ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಅವರು ಅಂದದ್ದು ಸರಿ ಇತ್ತು. ಕೆನಡಾದ ಮನಶ್ಶಾಸ್ತ್ರಜ್ಞರು 2009ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. ತಮ್ಮ ಬಗ್ಗೆ ತಮಗೇ ಕೀಳು ಅನಿಸುವವರ ಬಾಯಲ್ಲಿ ‘ನಾನು ಪ್ರೀತಿಗೆ ತಕ್ಕವನು’ ಅಂತ ಮತ್ತೆ ಮತ್ತೆ ಹೇಳಿಸಿದರು. ಅವರ ಮನಸ್ಸು ಇನ್ನೂ ಕುಗ್ಗಿತು. ಯಾಕೆ? ಬಾಯಿ ಒಂದು ಹೇಳಿದರೆ ಒಳಗಿನಿಂದ ‘ಹೌದಾ? ಮೊನ್ನೆ ಹೆಂಡತಿಯ ಕಾಲುಂಗುರ ಮಾರಿದವನು ಯಾರು?’ ಅಂತ ಇನ್ನೊಂದು ದನಿ ಕೇಳುತ್ತದೆ. ಜಗಳದಲ್ಲಿ ಗೆಲ್ಲೋದು ಒಳಗಿನ ದನಿಯೇ.

ಸರಿ, ಚೀಟಿ ಪಕ್ಕಕ್ಕಿಟ್ಟು ಕೆಲಸದ ಮಾತು ತೆಗೆದೆ. ಲಾರಿಗೆ ಎಷ್ಟು ಚೀಲ? ಇನ್ನೂರು ಅಂದರು. ಅಷ್ಟೂ ಚೀಲ ನೋಡಿದರೆ ಹೆದರಿಕೆ ಆಗಲ್ವಾ ಅಂತ ಕೇಳಿದೆ. ನನಗೇನೂ ಗೊತ್ತಿಲ್ಲ ಅನ್ನುವ ಹಾಗೆ ಮುಖ ನೋಡಿದರು. “ಲಾರಿ ಯಾರ್ ನೋಡ್ತಾರ್ರಿ ಸರ? ಲಾರಿ ನೋಡಿದ್ರ ಅಲ್ಲೇ ನಡ ಮುರಿತದ. ಬೆನ್ನ ಮ್ಯಾಲಿಂದು ಈ ಚೀಲ ಅಷ್ಟ.”

ನಾನು ಪೆನ್ನು ತೆಗೆದೆ. ಹಳೇ ಚೀಟಿಯ ಹಿಂಬದಿಗೆ ಅವರದೇ ಮಾತು ಬರೆದೆ. ‘ಇವತ್ತೊಂದಿನ ಕುಡಿಯಂಗಿಲ್ಲ. ಈ ಚೀಲ ಅಷ್ಟ.’ ಅವರು ಓದಿದರು. ಈ ಸಲ ನಗಲಿಲ್ಲ.

ಯಾವಾಗ ಹೇಳಿಕೊಳ್ಳಬೇಕು ಅನ್ನೋದನ್ನೂ ಅವರೇ ಗೊತ್ತು ಮಾಡಿದರು. ಬೆಳಿಗ್ಗೆ ಅಲ್ಲ. ಬೆಳಿಗ್ಗೆ ಎಲ್ಲರೂ ಸಂತರೇ. ಸಂಜೆ ಕೈಕಾಲು ತೊಳೆದು, ಕೂಲಿ ದುಡ್ಡು ಕೈಗೆ ಬರುವ ಮುಂಚೆ. ಆ ಹೊತ್ತಿಗೆ ಕಾಲು ತಾನಾಗೇ ಅಂಗಡಿ ಕಡೆ ತಿರುಗುತ್ತದೆ. ವರ್ಷಗಟ್ಟಲೆ ತಿರುಗಿದ ಕಾಲು, ಅದಕ್ಕೆ ಯಾರೂ ದಾರಿ ಹೇಳಬೇಕಿಲ್ಲ. ಆಗ ಗಟ್ಟಿಯಾಗಿ ಹೇಳುತ್ತಿದ್ದರು. ಜೊತೆಯವರು “ಏನಪಾ, ಮಂತ್ರ ಹಾಕ್ತಿಯೇನು?” ಅಂತ ಕಾಡಿಸಿದರು. ಕಾಡಿಸಲಿ. ಹೇಳಿ ಸೀದಾ ವಗ್ಗರಣಿ ಮಿರ್ಚಿ ಬಂಡಿಗೆ ಹೋಗಿ ತಿನ್ನೋದು. ಹಸಿದ ಹೊಟ್ಟೆಯಲ್ಲಿ ಕುಡಿಯುವ ಆಸೆ ಜಾಸ್ತಿ. ಆ ಆಸೆಯ ಉಬ್ಬರ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಅದು ಇಳಿಯುವ ತನಕ ಕೈಯಲ್ಲಿ ಮಿರ್ಚಿ ಇದ್ದರೆ ಆಯಿತು.

ಅಮೆರಿಕದಲ್ಲಿ 1935ರಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟದವರೂ ಒಂದೊಂದೇ ದಿನ ಅಂತಲೇ ಹೇಳುತ್ತಾ ಬಂದಿದ್ದಾರೆ. ನಮ್ಮ ಹಮಾಲರು ಅದನ್ನು ಕೇಳಿದವರಲ್ಲ.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಬೀಗರ ಊರಲ್ಲಿ ದ್ಯಾವರು ಮಾಡಿದರು. ಬಾಡೂಟ, ಬಾಟಲಿ, “ಒಂದ ತಗೋ ಬಾ ಮಾವ.” ನಾಲ್ಕು ದಿನ ಮನುಷ್ಯ ಪತ್ತೆ ಇಲ್ಲ. ಐದನೇ ದಿನ ಬಂದು ತಲೆ ಎತ್ತದೆ ಕೂತರು. “ಚೀಟಿ ಹರ್ದ್ ಹಾಕೀನ್ರಿ. ಅದೂ ಸುಳ್ಳ ಆತಲ್ಲ.” ನಾನು ಏನು ಹೇಳಲಿ ಅಂತ ಹುಡುಕುತ್ತಿದ್ದೆ. ಅಷ್ಟು ತಿಂಗಳು ನನ್ನ ಮುಂದೆ ಬಾಯಿ ಬಿಡದಿದ್ದ ಹೆಂಡತಿ ಬಾಗಿಲ ಹತ್ತಿರದಿಂದಲೇ ಅಂದರು. “ಒಂದ ಚೀಲ ಹರ್ದು ಬಿದ್ರ ಕಾಳು ಬಳದು ತುಂಬ್ತಾರ. ಲಾರಿ ಏನ್ ವಾಪಸ್ ಕಳಸಲ್ಲಲ್ಲ.”

ನಾನು ಓದಿದ ಪುಸ್ತಕಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ, ನಿಜವಾಗಿ. ಹೊಸ ಚೀಟಿಯನ್ನು ಮಗಳು ಬರೆದುಕೊಟ್ಟಳು, ಹೈಸ್ಕೂಲಿನ ದುಂಡು ಅಕ್ಷರದಲ್ಲಿ.

ಎಷ್ಟು ಸಲ ಹೇಳಬೇಕು ಅಂತ ಕೇಳುತ್ತಾರೆ. ಫ್ರಾನ್ಸಿನಲ್ಲಿ ಎಮಿಲ್ ಕೂಯೆ ಅಂತ ಒಬ್ಬ ಔಷಧ ಮಾರುವವರಿದ್ದರು. ದಾರಕ್ಕೆ 20 ಗಂಟು ಹಾಕಿ, ಒಂದೊಂದು ಗಂಟಿಗೆ ಒಂದೊಂದು ಸಲ ಹೇಳಿ ಅಂತ ಕಲಿಸುತ್ತಿದ್ದರು. ನಮ್ಮ ಜಪಮಾಲೆ ಇದ್ದ ಹಾಗೆ. ಎಣಿಕೆ ನಿಮ್ಮಿಷ್ಟ. ಹೊತ್ತು ತಪ್ಪಿಸಬೇಡಿ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವಂತೆ. ಹಮಾಲರ ಕತೆ ಹಿಡಿದರೆ ನನಗೆ ಯಾವಾಗಲೂ ಹೀಗೇ. ಮನೆಯವರ ಬಗ್ಗೆ ತುಂಬಾ ಹೇಳಬೇಕಿತ್ತು, ಒಂದು ಹೇಳುತ್ತೇನೆ. ದೇವರ ಮುಂದೆ, ಮಕ್ಕಳ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಬೇಡಿ. ಅದು ಇಡೀ ಲಾರಿ.

ಇನ್ನೊಂದು, ಇದು ಮುಖ್ಯ. ಮಾತು ಔಷಧ ಅಲ್ಲ. ದಿನಾ ಜಾಸ್ತಿ ಕುಡಿಯುವವರು ಹಠ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಕೈ ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು. ಜೀವಕ್ಕೇ ಅಪಾಯ. ನಮ್ಮ ಕಡೆಯ ಸಿಎಚ್ ಪೌಡರ್ ಕಲಸಿದ ಸೇಂದಿಯೂ ಹಾಗೆಯೇ. ಅದು ಸೇಂದಿಯ ಹೆಸರಿನಲ್ಲಿ ಕುಡಿಸುವ ನಿದ್ದೆಯ ಔಷಧ. ಮೊದಲು ಡಾಕ್ಟರು, ಆಮೇಲೆ ಚೀಟಿ. ಬೆಂಗಳೂರಿಗೇ ಹೋಗಬೇಕಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಫೋನ್ ಮಾಡುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದುಡ್ಡು ಹತ್ತಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಸಲ ಹೇಳುತ್ತೇನೆ, 14416.

ಚೀಟಿಯನ್ನು ನಿಮ್ಮ ಮನೆಮಾತಿನಲ್ಲೇ ಬರೆಯಿರಿ, ಪುಸ್ತಕದ ಕನ್ನಡ ಬೇಡ. ತೆಲುಗೋ ಉರ್ದುವೋ ಆದರೂ ನಡೆಯುತ್ತದೆ. ‘ನಾಳೆಯಿಂದ’ ಅಂತ ಶುರು ಮಾಡಿದ ಚೀಟಿ ಮಾತ್ರ ನನ್ನ ಹತ್ತಿರ ತರಬೇಡಿ, ವಾಪಸ್ ಕಳಿಸುತ್ತೇನೆ. ನಮಸ್ಕಾರ.