ಹೊತ್ತು ನೋಡಿ ಆರ್ಡರ್ ಮಾಡಿ: ಏರಿಯಾ ಹೋಟೆಲಿನಲ್ಲಿ ಒಂದು ದಿನ

ನಮಸ್ಕಾರ ಎಲ್ಲರಿಗೂ. ಇವತ್ತು ಬೆಂಗಳೂರಿನ ಹನುಮಂತನಗರದ ಕಡೆ ಬಂದಿದ್ದೇನೆ. ಇವತ್ತಿನ ವಿಡಿಯೊದಲ್ಲಿ ಒಂದೇ ಹೋಟೆಲು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು, ರಾತ್ರಿ ಶಟರ್ ಎಳೆಯುವ ತನಕ ಇಲ್ಲೇ ಇರುತ್ತೇನೆ. ತಿಂಡಿ, ಊಟ, ಕಾಫಿ ಎಲ್ಲ ಇಲ್ಲೇ.

ಹೋಟೆಲಿನ ಹೆಸರು ಹೇಳುವುದಿಲ್ಲ, ಬೋರ್ಡನ್ನೂ ತೋರಿಸುವುದಿಲ್ಲ. ಯಜಮಾನರು ಹಾಕಿದ್ದು ಇದೊಂದೇ ಶರತ್ತು. ಅವರು ಕುಂದಾಪುರದ ಕಡೆಯವರು. "ನೀವು ವಿಡಿಯೊ ಹಾಕಿದ್ರೆ ಭಾನುವಾರ ಇಲ್ಲಿ ಕ್ಯೂ ನಿಲ್ತದೆ ಅಮ್ಮ. ನಮ್ಮ ಹಿಟ್ಟು ಇಷ್ಟೇ. ದಿನಾ ಬರುವವರಿಗೆ ಎಂತ ಕೊಡುವುದು?" ಅಂದರು. ನನಗೆ ಈ ಮಾತು ತುಂಬ ಸರಿ ಅನ್ನಿಸಿತು. ಎಂಟು ಟೇಬಲ್ಲಿನ ಜಾಗ ಇದು. ಒಂದು ದೋಸೆ ಕಾವಲಿ, ಒಂದು ಇಡ್ಲಿ ಸ್ಟೀಮರ್, ಒಂದು ಎಣ್ಣೆ ಬಾಣಲೆ. ಅಷ್ಟರಲ್ಲೇ ಇಡೀ ಏರಿಯಾಗೆ ತಿಂಡಿ ಆಗಬೇಕು.

ಗೋಡೆ ಮೇಲಿನ ಪಟ್ಟಿ ನೋಡಿ. ಇಡ್ಲಿಯಿಂದ ಹಿಡಿದು ಪೂರಿ ಸಾಗು, ಬಿಸಿಬೇಳೆ ಬಾತ್, ಬನ್ಸ್, ಬೋಂಡದ ತನಕ ಉದ್ದ ಇದೆ. ಆದರೆ ಯಾವುದೇ ಹೊತ್ತಿನಲ್ಲಿ ಬಂದರೂ ಅದರಲ್ಲಿ ನಾಲ್ಕೈದು ಮಾತ್ರ ಆಗಷ್ಟೇ ಮಾಡಿದ್ದು ಇರುತ್ತವೆ. ಆ ನಾಲ್ಕೈದು ಯಾವುವು ಅಂತ ಗೊತ್ತಿದ್ದವರಿಗೆ ಈ ಥರದ ಹೋಟೆಲಿನಲ್ಲಿ ಸಿಗುವ ರುಚಿ ಎಷ್ಟು ದುಡ್ಡು ಕೊಟ್ಟರೂ ದೊಡ್ಡ ಹೋಟೆಲಿನಲ್ಲಿ ಸಿಗುವುದಿಲ್ಲ. ನಾನು ನಿಮಗೆ ತೋರಿಸಬೇಕು ಅಂದುಕೊಂಡಿರುವುದು ಅದನ್ನೇ.

ಈಗ ಬೆಳಿಗ್ಗೆ ಐದೂವರೆ. ಅರ್ಧ ಶಟರ್ ಎತ್ತಿದೆ. ಒಳಗೆ ಊದುಬತ್ತಿ ವಾಸನೆ. ಹಿಂದಿನ ಅಡುಗೆ ಮನೆಗೆ ಬನ್ನಿ.

ಈ ದೊಡ್ಡ ಪಾತ್ರೆಯಲ್ಲಿ ಇರುವುದು ಇಡ್ಲಿ ಹಿಟ್ಟು. ನಿನ್ನೆ ಸಂಜೆ ರುಬ್ಬಿದ್ದು. ಉದ್ದಿನಬೇಳೆಯನ್ನು ನುಣ್ಣಗೆ ರುಬ್ಬಿ, ಅದಕ್ಕೆ ಅಕ್ಕಿ ತರಿ ಕಲಸಿ, ಉಪ್ಪು ಹಾಕಿ ಮುಚ್ಚಿಟ್ಟಿದ್ದಾರೆ. ರಾತ್ರಿ ಅರ್ಧ ಪಾತ್ರೆ ಇದ್ದದ್ದು ಈಗ ಅಂಚಿಗೆ ಬಂದಿದೆ. ಅಕ್ಕಿ, ಉದ್ದಿನಲ್ಲೇ ಇರುವ ಬ್ಯಾಕ್ಟೀರಿಯಾ ಮಾಡುವ ಕೆಲಸ ಅದು. ಅವು ಗಾಳಿ ಬಿಡುತ್ತವೆ, ಉದ್ದಿನ ಅಂಟು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಡ್ಲಿ ಹಗುರ ಆಗುವುದು ಹೀಗೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಚಳಿಗೆ ಹಿಟ್ಟು ಬೇಗ ಏಳುವುದಿಲ್ಲ. ಆಗ ಮಧ್ಯಾಹ್ನವೇ ರುಬ್ಬಿಡುತ್ತಾರೆ. ಬೇಸಿಗೆಯಲ್ಲಿ ತಡವಾಗಿ ರುಬ್ಬುತ್ತಾರೆ. ಇದನ್ನೆಲ್ಲ ಯಾರೂ ಬರೆದಿಟ್ಟುಕೊಂಡಿಲ್ಲ. ಭಟ್ಟರು ಪಾತ್ರೆಗೆ ಕೈ ಹಾಕಿ ನೋಡಿ ಹೇಳುತ್ತಾರೆ.

ತಟ್ಟೆ ಮೇಲೆ ಒದ್ದೆ ಬಟ್ಟೆ ಹಾಸುತ್ತಿದ್ದಾರೆ, ನೋಡಿ. ಬಟ್ಟೆ ಇಡ್ಲಿ. 2025ರ ಫೆಬ್ರವರಿಯಲ್ಲಿ ನೆನಪಿದೆಯಾ? ಕೆಲವು ಕಡೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಇಡ್ಲಿ ಬೇಯಿಸುತ್ತಿದ್ದಾರೆ ಅಂತ ಗೊತ್ತಾಗಿ, ಕರ್ನಾಟಕದಲ್ಲಿ ಅದನ್ನು ನಿಷೇಧ ಮಾಡಿದರು. ಪ್ಲಾಸ್ಟಿಕ್ ಹಾಕಿದರೆ ಬಟ್ಟೆ ಒಗೆಯುವ ಕೆಲಸ ತಪ್ಪುತ್ತದೆ ಅಷ್ಟೇ. ಇಲ್ಲಿ ಹಿತ್ತಿಲಿನ ತಂತಿ ಮೇಲೆ ಬಟ್ಟೆಗಳು ಸಾಲಾಗಿ ಒಣಗುತ್ತಿರುವುದನ್ನು ನಾನೇ ನೋಡಿದೆ. ನಿಮ್ಮ ಏರಿಯಾದ ಹೋಟೆಲಿನಲ್ಲೂ ಒಮ್ಮೆ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಆರು ಗಂಟೆಗೆ ಮೊದಲ ಇಡ್ಲಿ ಇಳಿಯಿತು. ನನ್ನದು ಎರಡು ಇಡ್ಲಿ, ಒಂದು ವಡೆ. ಬೆರಳಲ್ಲಿ ಒತ್ತಿದರೆ ತಗ್ಗಾಗಿ ಮತ್ತೆ ಮೇಲೆ ಬರುತ್ತದೆ. ವಡೆಯ ಹೊರಗಿನ ಗರಿ ಹಾಗೇ ಇರಲಿ ಅಂತ ಸಾಂಬಾರ್ ಬೇರೆ ಬಟ್ಟಲಲ್ಲಿ ತೆಗೆದುಕೊಂಡಿದ್ದೇನೆ. ಡಿಪ್ ಇಷ್ಟಪಡುವವರು ಬೇಜಾರು ಮಾಡಿಕೊಳ್ಳಬೇಡಿ. ಆಗಷ್ಟೇ ಎಣ್ಣೆಯಿಂದ ತೆಗೆದ ವಡೆಯನ್ನು ಮುಳುಗಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಚಟ್ನಿ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಒಂದು ಹೋಟೆಲು ಹೇಗಿದೆ ಅಂತ ತಿಳಿಯಲು ನಾನು ಮೊದಲು ನೋಡುವುದು ಚಟ್ನಿಯನ್ನೇ. ಹಸಿ ತೆಂಗಿನಕಾಯಿ ಚಟ್ನಿ ತುಂಬ ಹೊತ್ತು ತಡೆಯುವುದಿಲ್ಲ. ಬಿಸಿ ಅಡುಗೆ ಮನೆಯಲ್ಲಿ ಕೆಲವು ಗಂಟೆ ಇಟ್ಟರೆ ವಾಸನೆ ಬದಲಾಗುತ್ತದೆ, ಹುಳಿ ಹಿಡಿಯುತ್ತದೆ. ಅದಕ್ಕೆ ದಾರಿ ಎರಡು. ಕಾಯಿ ಕಮ್ಮಿ ಮಾಡಿ ಹುರಿಗಡಲೆ ಜಾಸ್ತಿ ಹಾಕಿ, ನೀರು ಬೆರೆಸಿ, ಬೆಳಿಗ್ಗೆ ರುಬ್ಬಿದ್ದನ್ನೇ ಇಡೀ ದಿನ ಓಡಿಸುವುದು. ಇಲ್ಲವಾದರೆ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ರುಬ್ಬುವುದು. ಇಲ್ಲಿ ಮಿಕ್ಸಿ ಸದ್ದು ಬೆಳಿಗ್ಗೆಯಿಂದ ಹತ್ತರ ತನಕ ನಿಂತೇ ಇಲ್ಲ. ಹಿಂದೆ ಒಬ್ಬ ಹುಡುಗನಿಗೆ ಕಾಯಿ ತುರಿಯುವುದೇ ಕೆಲಸ. ಬಾಯಿಗಿಟ್ಟರೆ ಹಸಿಮೆಣಸಿನ ಖಾರ ಮೊದಲು, ಶುಂಠಿ ಆಮೇಲೆ, ಕೊನೆಗೆ ಕಾಯಿಯ ಸಿಹಿ. ಎರಡನೇ ಸಲ ಹಾಕಿ ಅಂದರೆ ಸಪ್ಲೈಯರ್ ಮುಖ ನೋಡದೆ ಒಂದು ಸೌಟು ಸುರಿದು ಹೋಗುತ್ತಾರೆ. ಕಾಯಿ ರೇಟು ಈಗ ಎಷ್ಟಿದೆ ಅಂತ ಮನೆಯಲ್ಲಿ ಅಡುಗೆ ಮಾಡುವವರಿಗೆ ಗೊತ್ತು. ಇಲ್ಲಿ ಚಟ್ನಿಗೆ ಲೆಕ್ಕ ಇಟ್ಟಿಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ.

ಸಾಂಬಾರ್ ಸ್ವಲ್ಪ ಸಿಹಿ. ಬೆಲ್ಲ ಹಾಕುತ್ತಾರೆ, ಉಡುಪಿ ಕಡೆಯ ಕೈ ಅದು. ಚೆನ್ನೈಯಿಂದ ಬಂದ ಗೆಳೆಯರು ಇದಕ್ಕೆ ಮುಖ ಸಿಂಡರಿಸುತ್ತಾರೆ. ನನಗೆ ಇಡ್ಲಿ ಜೊತೆ ಇದೇ ಬೇಕು.

ಎಂಟೂವರೆ. ಈಗ ಹೋಟೆಲು ತುಂಬಿದೆ. ಪಿ.ಜಿ. ಹುಡುಗರು, ಸ್ಕೂಲ್ ವ್ಯಾನ್ ಡ್ರೈವರ್‌ಗಳು, ವಾಕಿಂಗ್ ಮುಗಿಸಿ ಬಂದ ಹಿರಿಯರು. ಒಂದೇ ಟೇಬಲ್ಲಿಗೆ ಪರಿಚಯ ಇಲ್ಲದ ನಾಲ್ಕು ಜನ ಕೂರುತ್ತಾರೆ. ಕ್ಯೂ ನೋಡಿ ವಾಪಸ್ ಹೋಗುವವರಿಗೆ ನನ್ನ ಕಿವಿಮಾತು: ದೋಸೆ ತಿನ್ನುವುದಾದರೆ ಇದೇ ಸರಿಯಾದ ಹೊತ್ತು. ಖಾಲಿ ಇರುವಾಗ ಬರಬೇಡಿ.

ಯಾಕೆ ಅಂತ ಕಾವಲಿ ನೋಡಿದರೆ ತಿಳಿಯುತ್ತದೆ. ಇದು ದಪ್ಪ ಕಬ್ಬಿಣದ ಹಲಗೆ. ಒಂದು ಸಾಲು ದೋಸೆ ಎತ್ತಿದ ಕೂಡಲೇ ಭಟ್ಟರು ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾರೆ. ಚುಯ್ ಅನ್ನುವ ಸದ್ದು ಕೇಳಿಸಿತಲ್ಲ? ಅದು ಬರೀ ಕ್ಲೀನ್ ಮಾಡುವುದಲ್ಲ. ಕಾವಲಿ ತುಂಬ ಕಾದಿದ್ದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ. ನೀರು ಬಿದ್ದಾಗ ಮೇಲ್ಮೈ ಸ್ವಲ್ಪ ತಣಿಯುತ್ತದೆ, ಹಿಟ್ಟು ತೆಳ್ಳಗೆ ಓಡುತ್ತದೆ. ಆಮೇಲೆ ಕೆಳಗಿನ ಕಬ್ಬಿಣ ಮತ್ತೆ ಬಿಸಿ ಮೇಲೆ ತಂದು ದೋಸೆಯನ್ನು ಕೆಂಪು ಮಾಡುತ್ತದೆ. ಜನ ಜಾಸ್ತಿ ಇದ್ದಾಗ ಈ ಲಯ ತಪ್ಪುವುದಿಲ್ಲ. ಜನ ಇಲ್ಲದಾಗ ಉರಿ ಸಣ್ಣಗೆ ಮಾಡುತ್ತಾರೆ, ನಿಮ್ಮೊಬ್ಬರಿಗೋಸ್ಕರ ಮತ್ತೆ ಜೋರು ಮಾಡುತ್ತಾರೆ. ಆಗ ದೋಸೆ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು. ಪಲ್ಯವೂ ಅಷ್ಟೇ, ಪಾತ್ರೆ ಬೇಗ ಖಾಲಿಯಾಗಿ ಹೊಸದು ಬರುತ್ತಿರುವುದು ಈ ಹೊತ್ತಿನಲ್ಲೇ.

ಮಸಾಲೆ ದೋಸೆ ಬಂತು. ಅಂಚು ಗರಿ, ಮಧ್ಯ ಮೆತ್ತಗೆ. ಒಳಗೆ ಕೆಂಪು ಚಟ್ನಿ ತೆಳುವಾಗಿ ಸವರಿದ್ದಾರೆ. ಹಿಟ್ಟಿಗೆ ಮೆಂತ್ಯ, ಸ್ವಲ್ಪ ಅವಲಕ್ಕಿ ಹಾಕುತ್ತಾರಂತೆ. ಇದನ್ನು ಪಾರ್ಸೆಲ್ ಕಟ್ಟಿಸಿದರೆ ಹತ್ತೇ ನಿಮಿಷದಲ್ಲಿ ಹಬೆಗೆ ಮೆತ್ತಗಾಗುತ್ತದೆ. ಈ ಹೋಟೆಲು ಯಾವ ಡೆಲಿವರಿ ಆ್ಯಪ್‌ಗೂ ಸೇರಿಲ್ಲ. ಕಮಿಷನ್ ಒಂದು ಕಾರಣ. ಇನ್ನೊಂದನ್ನು ಯಜಮಾನರು ಹೇಳಿದ್ದು ಹೀಗೆ: "ದೋಸೆ ಹಾಳಾಗಿ ಹೋದ್ರೆ ಹೆಸರು ಹಾಳಾಗುವುದು ನಮ್ಮದು." ಅಕ್ಕಪಕ್ಕದ ಮನೆಯವರು ಸ್ಟೀಲ್ ಡಬ್ಬಿ ತಂದು ಇಡ್ಲಿ, ಸಾಂಬಾರ್ ತೆಗೆದುಕೊಂಡು ಹೋಗುತ್ತಾರೆ. ಅದಕ್ಕೆ ಅಡ್ಡಿ ಇಲ್ಲ.

ಕಿಟಕಿ ಪಕ್ಕ ಕೂತಿದ್ದಾರಲ್ಲ ಹಿರಿಯರು, ಅವರ ಮುಖ ತೋರಿಸುವುದಿಲ್ಲ. ಅವರು ಬಂದು ಕೂತರು, ಏನೂ ಹೇಳಲಿಲ್ಲ. ಎರಡು ನಿಮಿಷಕ್ಕೆ ಒಂದು ಖಾಲಿ ದೋಸೆ, ಆಮೇಲೆ ಸಕ್ಕರೆ ಇಲ್ಲದ ಕಾಫಿ ಬಂತು. ಸಪ್ಲೈಯರ್ "ಸಾರ್, ನಿನ್ನೆ ಬರಲಿಲ್ಲ, ಹುಷಾರಾಗಿದ್ದೀರಾ?" ಅಂತ ಕೇಳಿದರು. "ಮಗಳ ಮನೆಗೆ ಹೋಗಿದ್ದೆ ಕಣಪ್ಪ" ಅಂದರು. ಒಬ್ಬರೇ ಇರುವವರಿಗೆ ಈ ಒಂದು ಪ್ರಶ್ನೆ ಎಷ್ಟು ದೊಡ್ಡದು ಅಂತ ನಾನು ತುಂಬ ಹೊತ್ತು ಯೋಚಿಸಿದೆ. ನಿನ್ನೆ ಬರಲಿಲ್ಲ ಅಂತ ಗಮನಿಸುವ ಜಾಗ ಊರಲ್ಲಿ ಎಷ್ಟಿವೆ ಹೇಳಿ?

ಈಗ ಕಾಫಿ. ಪುಡಿಯಲ್ಲಿ ಚಿಕೋರಿ ಇದೆ, ಮುಚ್ಚುಮರೆ ಏನಿಲ್ಲ. ಪ್ಯಾಕೆಟ್ಟಿನಲ್ಲಿ ಮಾರುವ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಲೇಬೇಕು ಅಂತ ನಿಯಮ ಇದೆ. ಇವರದ್ದರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಚಿಕೋರಿ ಸ್ವಲ್ಪ ಇದ್ದರೆ ಡಿಕಾಕ್ಷನ್ ಗಟ್ಟಿ ಆಗುತ್ತದೆ, ಹಾಲಿಗೆ ಎದುರು ನಿಲ್ಲುತ್ತದೆ. ಡಿಕಾಕ್ಷನ್ ಸಣ್ಣ ಫಿಲ್ಟರಿನಲ್ಲಿ ಹೊಸ ಹೊಸದಾಗಿ ಇಳಿಸುತ್ತಾರೆ. ಹಾಲೂ ಹಾಗೇ, ಕುದಿಸಿದ್ದನ್ನೇ ಕುದಿಸಿದರೆ ಕಾಫಿಗೆ ಒಂಥರಾ ಸೀದ ವಾಸನೆ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಇಲ್ಲಿ ಕಾಫಿ 18ರಿಂದ 20 ರೂಪಾಯಿ ಆಯಿತು. ಬೈಟು ಕೇಳಿದರೆ ಈಗಲೂ ಕೊಡುತ್ತಾರೆ, ಎರಡು ಲೋಟಕ್ಕೆ ಸಮ ಸಮ ಹಾಕಿ.

ಹನ್ನೊಂದು ಗಂಟೆ. ಜನ ಕರಗಿದರು. ಕಾವಲಿ ಆಫ್. ಈಗ ಬಂದು ಇಡ್ಲಿ ಕೇಳಿದರೆ ಇದೆ, ಆದರೆ ಕೇಳಬೇಡಿ. ಪೆಟ್ಟಿಗೆಯಲ್ಲಿ ಬೆವರುತ್ತಾ ಕೂತ ಇಡ್ಲಿ ಅದು. ಈ ಹೊತ್ತಿಗೆ ಕಾಫಿ ಕುಡಿದು ಪೇಪರ್ ಓದಿ, ಯಾರೂ ಎಬ್ಬಿಸುವುದಿಲ್ಲ.

ಯಜಮಾನರು ಕ್ಯಾಶ್ ಟೇಬಲ್ಲಿನಿಂದ ಎದ್ದು ಬಂದು ಕೂತರು. ಬೆಂಗಳೂರಿನಲ್ಲಿ ನಿಂತು ತಿನ್ನುವ ದರ್ಶಿನಿಗಳು ಶುರುವಾಗಿದ್ದು 1983ರಲ್ಲಿ, ಜಯನಗರದ ಕೆಫೆ ದರ್ಶಿನಿಯಿಂದ. ಟೋಕನ್ ತಗೊಂಡು, ನಿಂತು ತಿಂದು, ಹತ್ತು ನಿಮಿಷದಲ್ಲಿ ಹೊರಗೆ. ಸಪ್ಲೈಯರ್ ಸಂಬಳ ಉಳಿಯುತ್ತದೆ, ಜಾಗವೂ ಕಮ್ಮಿ ಸಾಕು. ಆ ಅಲೆಯಲ್ಲಿ ಕೂತು ತಿನ್ನುವ ಹೋಟೆಲುಗಳು ಎಷ್ಟೋ ಬದಲಾದವು. "ನಿಮಗೂ ಆಸೆ ಆಗಲಿಲ್ಲವಾ ಸಾರ್?" ಅಂತ ಕೇಳಿದೆ. "ಆಯ್ತು. ಆದ್ರೆ ನಮ್ಮ ಗಿರಾಕಿಗಳಿಗೆ ವಯಸ್ಸಾಯ್ತಲ್ಲ, ನಿಲ್ಲಿಸುವುದು ಹೇಗೆ?" ಅಂದರು. ದರ್ಶಿನಿಗಳ ಮೇಲೆ ನನಗೆ ಬೇಸರ ಇಲ್ಲ. ಕಡಿಮೆ ದುಡ್ಡಿಗೆ ಬಿಸಿ ತಿಂಡಿಯನ್ನು ಎಲ್ಲರಿಗೂ ಮುಟ್ಟಿಸಿದ್ದು ಅವೇ. ಆದರೆ ಕುರ್ಚಿ ಇರುವ ಹೋಟೆಲೂ ಒಂದು ಏರಿಯಾಗೆ ಬೇಕು.

ಮಧ್ಯಾಹ್ನ ಊಟ. ಚಪಾತಿ, ಎರಡು ಪಲ್ಯ, ಅನ್ನ, ಸಾರು, ಹುಳಿ, ಮಜ್ಜಿಗೆ, ಹಪ್ಪಳ. ಒಂದು ಗಂಟೆ ಒಳಗೆ ಬನ್ನಿ, ಎರಡರ ಮೇಲೆ ಪಲ್ಯ ತಳ ಸೇರಿರುತ್ತದೆ. ಸಾರು ಮಾತ್ರ ಕೊನೇ ತನಕ ಚೆನ್ನಾಗಿತ್ತು, ನಾನು ಲೋಟದಲ್ಲಿ ಕೇಳಿ ಕುಡಿದೆ.

ನಾಲ್ಕಕ್ಕೆ ಕಾವಲಿ ಮತ್ತೆ ಹತ್ತಿತು. ಈಗ ಕೇಳಬೇಕಾದ್ದು ಈರುಳ್ಳಿ ದೋಸೆ. ಬೆಳಿಗ್ಗೆಯ ಹಿಟ್ಟು ಉಳಿದದ್ದು ಈ ಹೊತ್ತಿಗೆ ಹುಳಿ ಬಂದಿರುತ್ತದೆ. ತೆಳ್ಳಗೆ ಎರೆದರೆ ಆ ಹುಳಿ ಎದ್ದು ಕಾಣುತ್ತದೆ. ದಪ್ಪಗೆ ಎರೆದು, ಮೇಲೆ ಈರುಳ್ಳಿ, ಹಸಿಮೆಣಸು ಒತ್ತಿದರೆ ಅದೇ ಹುಳಿ ರುಚಿಯಾಗುತ್ತದೆ. ಉತ್ತಪ್ಪ ಹುಟ್ಟಿರುವುದೇ ಈ ಬುದ್ಧಿಯಿಂದ ಅಂತ ನನಗೆ ಅನ್ನಿಸುತ್ತದೆ. ಜೊತೆಗೆ ಗೋಳಿ ಬಜೆ ಬಾಣಲೆಯಿಂದ ನೇರ ಪ್ಲೇಟಿಗೆ.

ಗೋಡೆಯ ಪಟ್ಟಿಯಲ್ಲಿ ಕೊನೆಗೆ ಬಿಳಿ ಪೇಂಟ್ ಬಳಿದ ಜಾಗ ಇದೆ, ಗಮನಿಸಿದಿರಾ? ಅಲ್ಲಿ ಗೋಬಿ ಮಂಚೂರಿ, ಫ್ರೈಡ್ ರೈಸ್ ಇದ್ದವು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣ ಇಲ್ಲದ ಗೋಬಿಯನ್ನು ಜನ ಕೇಳಲಿಲ್ಲ, ಇವರು ತೆಗೆದೇಬಿಟ್ಟರು. ಒಂದು ಒಲೆ ಖಾಲಿ ಆಯಿತು. ಆ ಒಲೆಯಲ್ಲೇ ಈಗ ಸಂಜೆಗೆ ಎರಡನೇ ಸಲ ಸಾಂಬಾರ್ ಬೇಯುತ್ತದೆ. ಪಟ್ಟಿ ಚಿಕ್ಕದಾದಷ್ಟೂ ಇಂಥ ಹೋಟೆಲಿಗೆ ಒಳ್ಳೆಯದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ರಾತ್ರಿ ಎಂಟಕ್ಕೆ ನನ್ನದು ಸೆಟ್ ದೋಸೆ. ಹೊಸ ಹಿಟ್ಟು ಎದ್ದಿದೆ, ಮೇಲೆಲ್ಲ ತೂತು ತೂತು, ಸಾಗು ಬಿಸಿ. ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಈ ಹೊತ್ತು ಚೆನ್ನ. ಜಾಗ ಇರುತ್ತದೆ, ಖಾರ ಕಮ್ಮಿ ಮಾಡಿ ಅಂದರೆ ಕೇಳಿಸಿಕೊಳ್ಳುವ ಪುರುಸೊತ್ತೂ ಅವರಿಗೆ ಇರುತ್ತದೆ.

ಬಿಲ್ ಹೇಳಿಬಿಡುತ್ತೇನೆ. ಇಡ್ಲಿ ವಡೆ 60, ಮಸಾಲೆ ದೋಸೆ 70, ಊಟ 100, ಈರುಳ್ಳಿ ದೋಸೆ 70, ಗೋಳಿ ಬಜೆ 40, ಸೆಟ್ ದೋಸೆ 65, ಮೂರು ಕಾಫಿ 60. ಒಟ್ಟು 465 ರೂಪಾಯಿ. ಸರ್ವಿಸ್ ಚಾರ್ಜ್ ಅನ್ನುವ ಸಾಲೇ ಬಿಲ್ಲಿನಲ್ಲಿ ಇಲ್ಲ. ಯಜಮಾನರು ಕಾಫಿ ದುಡ್ಡು ಬೇಡ ಅಂದರು, ನಾನು ಕೊಟ್ಟೇ ಬಂದೆ.

ಮುಂದಿನ ವಿಡಿಯೊ ದಾವಣಗೆರೆಯಿಂದ. ಬೆಣ್ಣೆ ದೋಸೆಗೆ ಯಾವ ಹೊತ್ತು ಒಳ್ಳೆಯದು ಅಂತ ಅಲ್ಲಿಯವರು ಯಾರಾದರೂ ಇದ್ದರೆ ಮೊದಲೇ ಹೇಳಿ, ಅದೇ ಹೊತ್ತಿಗೆ ಹೋಗುತ್ತೇನೆ.