ಲ್ಯಾಪ್‌ಟಾಪ್‌ನಲ್ಲಿ ಓಡುವ ಆ್ಯಪ್ ಕ್ಲೌಡ್‌ನಲ್ಲಿ ಯಾಕೆ ಏಳಲ್ಲ?

ನೀವೀಗ ನೋಡುತ್ತಿರುವುದು ನನ್ನ ತಂಗಿಯ ಸಂಗೀತ ಕ್ಲಾಸಿನ ಆ್ಯಪ್. ವೆಬ್ ಆ್ಯಪ್ ಕಟ್ಟುವ ಪೈಥಾನ್ ಚೌಕಟ್ಟು ಜ್ಯಾಂಗೋದಲ್ಲಿ ಅವಳೇ ಬರೆದದ್ದು. ಮಕ್ಕಳ ಹಾಜರಿ, ತಿಂಗಳ ಫೀಸು, ಫೀಸು ಕಟ್ಟಿದವರಿಗೆ ಕನ್ನಡದಲ್ಲೊಂದು ಪಿಡಿಎಫ್ ರಸೀದಿ, ಇಷ್ಟೇ. ಅವಳ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಕ್ಲೌಡ್‌ಗೆ ಹಾಕಿದ ಮೇಲೆ ನೋಡಿ, 503, ಅಂದರೆ ಸೇವೆ ಸಿಗುತ್ತಿಲ್ಲ ಅನ್ನುವ ಎರರ್.

ಇಂಥ ಹೊತ್ತಲ್ಲಿ ಜಾಸ್ತಿ ಜನ ಮೊದಲು ಕೋಡ್ ತಿದ್ದಲು ಕೂರುತ್ತಾರೆ. ದಯವಿಟ್ಟು ಬೇಡ. ನಿನ್ನೆ ಓಡಿದ ಕೋಡ್ ರಾತ್ರೋರಾತ್ರಿ ಕೆಡುವುದಿಲ್ಲ. ಲ್ಯಾಪ್‌ಟಾಪ್ ನಿಮಗೆ ಹೇಳದೆ ಕೇಳದೆ ಏನೋ ಒಂದನ್ನು ಒದಗಿಸುತ್ತಿತ್ತು, ಕ್ಲೌಡ್‌ನಲ್ಲಿ ಅದು ಇಲ್ಲ. ಅದು ಯಾವುದು ಅಂತ ಪತ್ತೆ ಹಚ್ಚಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಡಿಪ್ಲಾಯ್ ಮಾಡಿ, ಅಂದರೆ ಕ್ಲೌಡ್‌ಗೆ ಏರಿಸಿ ನೋಡಿ.

ಮೊದಲು ಲಾಗ್, ಅಂದರೆ ಏನೇನಾಯಿತು ಅನ್ನುವ ದಾಖಲೆ. ಲಾಗ್ ಎರಡು ಇರುತ್ತವೆ. ಬಿಲ್ಡ್ ಆಗುವಾಗಿನದು, ಅಂದರೆ ಆ್ಯಪನ್ನು ಓಡಲು ಸಿದ್ಧ ಮಾಡುವಾಗಿನದು ಒಂದು, ಆ್ಯಪ್ ಓಡುವಾಗಿನದು ಇನ್ನೊಂದು. ಇಲ್ಲಿ ಬಿಲ್ಡ್ ಹಸಿರಾಗಿದೆ, ಹಾಗಾಗಿ ಎರಡನೆಯದನ್ನು ತೆಗೆಯುತ್ತೇನೆ. ಕೊನೆಯಲ್ಲಿ, ಆ್ಯಪ್ ಪೋರ್ಟ್‌ನಲ್ಲಿ, ಅಂದರೆ ಹೊರಗಿನ ಕೋರಿಕೆ ಒಳಗೆ ಬರುವ ನಂಬರಿನ ಬಾಗಿಲಲ್ಲಿ, ಸಿಗುತ್ತಿಲ್ಲ ಅಂತಿದೆ. ಅದಕ್ಕಿಂತ ಮೇಲೆ, ಆ್ಯಪನ್ನು ಓಡಿಸುವ ಸರ್ವರ್ ಗುನಿಕಾರ್ನ್, ವರ್ಕರ್ ಫೇಲ್ಡ್ ಟು ಬೂಟ್ ಅಂತ ಹೇಳಿದೆ. ಇವೆರಡೂ ಕಾರಣ ಅಲ್ಲ, ಪರಿಣಾಮ. ಇನ್ನೂ ಮೇಲೆ ಹೋಗಿ, ಟ್ರೇಸ್‌ಬ್ಯಾಕ್, ಅಂದರೆ ಕೋಡ್ ಎಲ್ಲಿ ಮುಗ್ಗರಿಸಿತು ಅನ್ನುವ ಪಟ್ಟಿ ಸಿಗುವವರೆಗೆ. ಸಿಕ್ಕಿತು: ಕೀ ಎರರ್, ಸೀಕ್ರೆಟ್ ಕೀ.

ಅರ್ಥ ಇಷ್ಟೇ. ಸೆಟ್ಟಿಂಗ್ಸ್ ಫೈಲು ಜ್ಯಾಂಗೋದ ಗುಟ್ಟಿನ ಕೀಲಿಯಾದ ಸೀಕ್ರೆಟ್ ಕೀಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ, ಅಂದರೆ ಕೋಡಿನ ಹೊರಗೆ ಇಟ್ಟ ಸೆಟ್ಟಿಂಗಿನಿಂದ ಓದುತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಅದು ಡಾಟ್ ಎನ್‌ವಿ ಫೈಲಿನಲ್ಲಿತ್ತು. ಆ ಫೈಲು ಗಿಟ್‌ಇಗ್ನೋರ್‌ನಲ್ಲಿದೆ, ಅಂದರೆ ಕೋಡಿನ ಇತಿಹಾಸ ಇಡುವ ಗಿಟ್ ಸೇರಿಸಿಕೊಳ್ಳಬಾರದ ಫೈಲುಗಳ ಪಟ್ಟಿಯಲ್ಲಿದೆ, ಹಾಗಾಗಿ ಕ್ಲೌಡ್‌ಗೆ ಬಂದೇ ಇಲ್ಲ, ಬರಲೂಬಾರದು. ಕೀಯನ್ನು ಕ್ಲೌಡ್ ಕನ್ಸೋಲ್‌ನ ಸೀಕ್ರೆಟ್ಸ್ ಜಾಗದಲ್ಲಿ ಇಡಿ. ಆ ಕೀ ಯಾವತ್ತಾದರೂ ಗಿಟ್‌ಗೆ ಹೋಗಿದ್ದರೆ ಫೈಲನ್ನು ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಉಳಿದಿರುತ್ತದೆ. ಹೊಸ ಕೀ ಮಾಡಿಕೊಳ್ಳಿ.

ಮತ್ತೆ ಡಿಪ್ಲಾಯ್. ಟ್ರೇಸ್‌ಬ್ಯಾಕ್ ಹೋಯಿತು, ಪೋರ್ಟ್ ದೂರು ಮಾತ್ರ ಉಳಿದಿದೆ. ಈಗ ಅದು ನಿಜವಾದ ದೂರು. ಆ್ಯಪ್ ಓಡುವ ಡಬ್ಬಿಯನ್ನು, ಅಂದರೆ ಕಂಟೇನರನ್ನು, ಹೇಗೆ ಕಟ್ಟಬೇಕು ಅಂತ ಹೇಳುವ ಡಾಕರ್‌ಫೈಲ್‌ನಲ್ಲಿ ಗುನಿಕಾರ್ನ್‌ಗೆ 127.0.0.1 ಅಂತ ಬೈಂಡ್ ಕೊಟ್ಟಿದೆ, ಪೋರ್ಟ್ 8000. ಇದು ಒಳಕೋಣೆಯಲ್ಲಿ ಕೂತು ಒಳಗಿನವರ ಮಾತಿಗೆ ಮಾತ್ರ ಓಗೊಟ್ಟ ಹಾಗೆ, ಹೊರಬಾಗಿಲು ತಟ್ಟಿದರೆ ಕೇಳಿಸುವುದಿಲ್ಲ. 0.0.0.0 ಅಂತ ಬದಲಿಸಿ, ಪೋರ್ಟ್ ಸಂಖ್ಯೆಯನ್ನು ನೀವು ಬರೆಯದೆ ಪೋರ್ಟ್ ಅನ್ನುವ ವೇರಿಯಬಲ್‌ನಿಂದ ತೆಗೆದುಕೊಳ್ಳಿ. ಗೂಗಲ್ ಕ್ಲೌಡ್ ರನ್‌ನಲ್ಲಿ ನೀವೇನೂ ಹೇಳದಿದ್ದರೆ ಅದು 8080. ಹೆರೋಕು ಕೊಡುವ ಸಂಖ್ಯೆ ಬದಲಾಗುತ್ತಿರುತ್ತದೆ, 60 ಸೆಕೆಂಡಿನೊಳಗೆ ಆ್ಯಪ್ ಆ ಪೋರ್ಟ್ ಹಿಡಿಯದಿದ್ದರೆ ಆರ್10 ಅನ್ನುವ ಎರರ್ ಕೊಟ್ಟು ನಿಲ್ಲಿಸಿಬಿಡುತ್ತದೆ.

ಪೇಜ್ ಬಂತು! ಆದರೆ 400, ಹಳದಿ ಪಟ್ಟಿ, ಡಿಸ್‌ಅಲೋಡ್ ಹೋಸ್ಟ್, ಅಂದರೆ ಈ ವಿಳಾಸಕ್ಕೆ ಅನುಮತಿ ಇಲ್ಲ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಒಂದು ಎರರ್ ಪೇಜಿನಲ್ಲಿ ಎರಡು ತಪ್ಪು ಕಾಣುತ್ತಿವೆ. ಅಲೋಡ್ ಹೋಸ್ಟ್ಸ್ ಪಟ್ಟಿಗೆ ನಮ್ಮ ಕ್ಲೌಡ್ ವಿಳಾಸ ಸೇರಿಸಬೇಕು, ಅದು ಸುಲಭ. ನಕ್ಷತ್ರ ಹಾಕಿ ಎಲ್ಲರನ್ನೂ ಒಳಗೆ ಬಿಡಬೇಡಿ, ಪಾಸ್‌ವರ್ಡ್ ರೀಸೆಟ್ ಲಿಂಕಿನಲ್ಲಿ ಬೇರೆಯವರ ವಿಳಾಸ ತೂರಿಸಲು ಅದೇ ದಾರಿ ಆಗಬಹುದು. ಎರಡನೆಯ ತಪ್ಪು ದೊಡ್ಡದು. ಇಷ್ಟು ವಿವರವಾದ ಹಳದಿ ಪೇಜ್ ಬಂದಿದೆ ಅಂದರೆ ತಪ್ಪು ಹುಡುಕಲು ಒಳಗಿನದನ್ನೆಲ್ಲ ತೋರಿಸುವ ಡಿಬಗ್ ಆನ್ ಆಗಿದೆ. ಆದರೆ ಕನ್ಸೋಲ್‌ನಲ್ಲಿ ನೋಡಿ, ಡಿಬಗ್ ಫಾಲ್ಸ್ ಅಂತಲೇ ಬರೆದಿದೆ, ಅಲ್ವಾ? ಎನ್ವಿರಾನ್‌ಮೆಂಟ್ ವೇರಿಯಬಲ್ ಯಾವಾಗಲೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು ಆಗಿಯೇ ಬರುತ್ತದೆ. ಖಾಲಿ ಇಲ್ಲದ ಯಾವ ಸ್ಟ್ರಿಂಗ್ ಆದರೂ ಪೈಥಾನ್‌ಗೆ ನಿಜವೇ, ಅದರೊಳಗೆ ಫಾಲ್ಸ್ ಅಂತ ಬರೆದಿದ್ದರೂ ಸಹ. ಹಾಗಾಗಿ ಆ ಸ್ಟ್ರಿಂಗ್ ಟ್ರೂ ಅನ್ನುವ ಪದಕ್ಕೆ ಸಮ ಇದೆಯಾ ಅಂತ ಹೋಲಿಸಿ ನೋಡಬೇಕು. ಡಿಬಗ್ ಹೀಗೇ ಆನ್ ಇದ್ದರೆ ನಿಮ್ಮ ಫೈಲುಗಳ ದಾರಿ, ಫಂಕ್ಷನ್ನಿನೊಳಗಿನ ವೇರಿಯಬಲ್‌ಗಳು, ಎಲ್ಲವೂ ಊರಿಗೆಲ್ಲ ಕಾಣುತ್ತವೆ. ಆ ವೇರಿಯಬಲ್‌ಗಳಲ್ಲಿ ಮಕ್ಕಳ ಹೆಸರು, ಅಪ್ಪ ಅಮ್ಮನ ಫೋನ್ ನಂಬರ್ ಇರಬಹುದು. ಮ್ಯಾನೇಜ್ ಡಾಟ್ ಪೈ ಜೊತೆ ಚೆಕ್ ಕಮಾಂಡನ್ನು ಡಿಪ್ಲಾಯ್ ಆಯ್ಕೆ ಕೊಟ್ಟು ಓಡಿಸಿ, ಇಂಥ ಹಲವನ್ನು ಜ್ಯಾಂಗೋ ತಾನೇ ಹೇಳುತ್ತದೆ.

ಡಿಬಗ್ ಆಫ್ ಆದ ಕೂಡಲೇ ಬಣ್ಣ, ಬಟನ್ ಎಲ್ಲ ಮಾಯ. ಹೆದರಬೇಡಿ. ಆಗ ಪೇಜಿಗೆ ರೂಪ ಕೊಡುವ ಸಿಎಸ್‌ಎಸ್, ಚಿತ್ರದಂಥ ಸ್ಟ್ಯಾಟಿಕ್ ಫೈಲುಗಳನ್ನು ಜ್ಯಾಂಗೋ ಬಡಿಸುವುದಿಲ್ಲ. ಅವನ್ನು ಬಡಿಸುವ ವೈಟ್‌ನಾಯ್ಸ್ ಹಾಕಿ, ಬಿಲ್ಡ್‌ನಲ್ಲಿ ಅವನ್ನೆಲ್ಲ ಒಂದೆಡೆ ಸೇರಿಸುವ ಕಲೆಕ್ಟ್‌ಸ್ಟ್ಯಾಟಿಕ್ ಕಮಾಂಡ್ ಓಡಿಸಿ, ಮುಗೀತು.

ಲಾಗಿನ್ ಒತ್ತಿದರೆ 403, ಸಿಎಸ್‌ಆರ್‌ಎಫ್, ಅಂದರೆ ಬೇರೆ ಸೈಟಿನಿಂದ ಕಳ್ಳದಾರಿಯಲ್ಲಿ ಬರುವ ಕೋರಿಕೆಯನ್ನು ತಡೆಯುವ ಕಾವಲು. ಬ್ರೌಸರ್‌ನಿಂದ ಹೊರಟದ್ದು ಎಚ್‌ಟಿಟಿಪಿಎಸ್, ಆದರೆ ನಡುವೆ ನಿಂತ ಕ್ಲೌಡ್‌ನ ಪ್ರಾಕ್ಸಿ ಸರ್ವರ್ ಅದನ್ನು ಬಿಚ್ಚಿ ಒಳಗೆ ಬರೀ ಎಚ್‌ಟಿಟಿಪಿ ಕಳಿಸುತ್ತದೆ, ಹಾಗಾಗಿ ಎರಡು ವಿಳಾಸ ತಾಳೆ ಆಗುತ್ತಿಲ್ಲ ಅಂತ ಜ್ಯಾಂಗೋ ತಡೆಯುತ್ತದೆ. ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಆರಿಜಿನ್ಸ್‌ನಲ್ಲಿ ವಿಳಾಸ ಸೇರಿಸಿ. 2021ರ ಡಿಸೆಂಬರ್‌ನಲ್ಲಿ ಬಂದ ಜ್ಯಾಂಗೋ 4.0 ಇಂದ ಅಲ್ಲಿ ಮುಂದೆ ಎಚ್‌ಟಿಟಿಪಿಎಸ್ ಸೇರಿಸಿಯೇ ಬರೆಯಬೇಕು. ಹಳೆಯ ಪಾಠ ನೋಡಿ ಬರೀ ಡೊಮೈನ್ ಹಾಕಿದರೆ ನಡೆಯುವುದಿಲ್ಲ.

ಡೇಟಾಬೇಸ್ ಬಗ್ಗೆ ಒಂದು ಮಾತು. ಎಸ್‌ಕ್ಯೂಲೈಟ್ ಫೈಲು ಕಂಟೇನರ್ ಒಳಗಿದ್ದರೆ, ಕಂಟೇನರ್ ಬದಲಾದಾಗ ಹಾಜರಿಯೆಲ್ಲ ಅಳಿಸಿಹೋಗುತ್ತದೆ. ಕಂಟೇನರ್‌ನ ಹೊರಗೆ ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗಿ. ಡೇಟಾಬೇಸ್ ಯುಆರ್‌ಎಲ್‌ನಲ್ಲಿ ಪಾಸ್‌ವರ್ಡ್‌ನೊಳಗೆ @ ಇದ್ದರೆ %40 ಅಂತ ಬರೆಯಿರಿ.

ಈಗ ಎಲ್ಲ ಸರಿ, ರಸೀದಿ ಡೌನ್‌ಲೋಡ್ ಮಾಡುತ್ತೇನೆ. ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ ಡಬ್ಬಿಗಳು! ಲಾಗ್‌ನಲ್ಲಿ ಒಂದು ಸಾಲೂ ಇಲ್ಲ, ಸ್ಟೇಟಸ್ 200. ನಮ್ಮ ಭಾಷೆಯಲ್ಲಿ ಆ್ಯಪ್ ಮಾಡುವವರು ಇದನ್ನು ಕಣ್ಣಾರೆ ನೋಡಿಯೇ ಹಿಡಿಯಬೇಕು. ತಂಗಿಯ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಫಾಂಟ್ ಮೊದಲೇ ಇತ್ತು. ನಮ್ಮ ಕಂಟೇನರ್‌ಗೆ ಬುನಾದಿಯಾದ ಪೈಥಾನ್‌ನ ಸ್ಲಿಮ್ ಇಮೇಜಿನಲ್ಲಿ ಕನ್ನಡದ ಫಾಂಟೇ ಇಲ್ಲ. ಸ್ಲಿಮ್ ಇಮೇಜು ಡೆಬಿಯನ್ ಲಿನಕ್ಸ್ ಮೇಲೆ ನಿಂತಿರುವುದರಿಂದ ಡಾಕರ್‌ಫೈಲ್‌ನಲ್ಲಿ ಪ್ಯಾಕೇಜ್ ಹಾಕಿಕೊಳ್ಳುವ ಆಪ್ಟ್ ಸಾಲಿಗೆ ಫಾಂಟ್ಸ್-ಗುಬ್ಬಿ ಅನ್ನುವ ಪ್ಯಾಕೇಜ್ ಸೇರಿಸಿ, ರಸೀದಿಯ ಸಿಎಸ್‌ಎಸ್‌ನಲ್ಲೂ ಗುಬ್ಬಿ ಹೆಸರು ಹಾಕಿದೆ. ಪಿಡಿಎಫ್ ಮಾಡುವ ವೀಸಿಪ್ರಿಂಟ್ ಅಕ್ಷರ ಜೋಡಿಸುವ ಕೆಲಸವನ್ನು ಪ್ಯಾಂಗೋ ಅನ್ನುವ ಲೈಬ್ರರಿಗೆ ಒಪ್ಪಿಸುತ್ತದೆ, ಹಾಗಾಗಿ ಒತ್ತಕ್ಷರ ಒಡೆಯುವುದಿಲ್ಲ. ಜೂಮ್ ಮಾಡುತ್ತೇನೆ ನೋಡಿ, ‘ಶಾಸ್ತ್ರೀಯ ಸಂಗೀತ’ ಅಂತಿದೆ, ಸ್ತ್ರೀಯಲ್ಲಿ ತ ಒತ್ತು, ರ ಒತ್ತು ಎರಡೂ ಸರಿಯಾಗಿ ಕೂತಿವೆ. ಲಿಂಕನ್ನು ತಂಗಿಗೆ ಕಳಿಸಿದ್ದೇನೆ, ಈ ತಿಂಗಳ ರಸೀದಿಗಳು ಇಲ್ಲಿಂದಲೇ ಹೋಗುತ್ತವೆ.